ಎದೆಯ ಮೇಲಿನ ಬಿಲ್ಲೆ

ಅಲ್ ಐನ್‌ನ ಈ ಕೋಣೆಯಲ್ಲಿ ಹದಿನೆಂಟು ಡಿಗ್ರಿ ಚಳಿ.
ಹೊರಗೆ, ನಡುರಾತ್ರಿ ದಾಟಿದರೂ, ಕಾದ ಕಾವಲಿ.
ಮೂರು ನಲವತ್ತಕ್ಕೆ ಅದು ಬರುತ್ತದೆ,
ಬೂಟಿನ ಡಬ್ಬಿಯಷ್ಟು ದೊಡ್ಡದು, ನಾವೇ ತಿರುಪು ಬಿಗಿದದ್ದು,
ಜೆಬೆಲ್ ಹಫೀತ್‌ನ ಹೆಗಲ ಹಿಂದಿನಿಂದ ಎದ್ದು
ಹತ್ತು ನಿಮಿಷ ಮಾತಾಡಿ
ಇರಾನಿನ ಕಡೆ ಮುಳುಗುತ್ತದೆ.

ಮಾತೆಂದರೆ ಬರೀ ಅಂಕಿ.
ಅದರ ಎದೆಯಲ್ಲೊಂದು ಬಿಲ್ಲೆ, ಉಗುರಿಗಿಂತ ಚಿಕ್ಕದು,
ತನ್ನನ್ನು ತೂರಿಹೋದದ್ದನ್ನೆಲ್ಲ
ಅಂಗಡಿಯ ಉದ್ರಿ ಪುಸ್ತಕದ ಹಾಗೆ ಬರೆದಿಡುತ್ತದೆ.
ಅಳಿಸಲು ಅದಕ್ಕೆ ಬರುವುದಿಲ್ಲ.
ಬ್ರೆಜಿಲ್ಲಿನಾಚೆ ಕಡಲ ಮೇಲೆ
ಭೂಮಿಯ ಕಾಂತದ ಕೊಡೆ ಸವೆದು ತೆಳುವಾದಲ್ಲಿ
ಪ್ರತಿಸಲ ಲೆಕ್ಕ ಜಿಗಿಯುತ್ತದೆ.

ನಿನ್ನೆ ಬ್ಯಾಟರಿಯ ಬಿಸಿ ಹನ್ನೆರಡಿದ್ದದ್ದು
ಎಪ್ಪತ್ತಾರು ಎಂದು ಬಂತು.
ಮೈಥಾ ಎದ್ದು ನಿಂತಳು. ಇಪ್ಪತ್ತೆರಡರ ಹುಡುಗಿ,
ನನ್ನ ಹೆಸರನ್ನು ಅವಳು ಎಳೆಯುವುದೇ ಹಾಗೆ:
ಐತಾಪಾ, ಉರಿದುಹೋಯಿತಾ?
ಇಲ್ಲ. ಎಲ್ಲಿಂದಲೋ ಒಂದು ಕಣ ಹಾದುಹೋಗಿದೆ,
ಅರವತ್ತನಾಲ್ಕರ ಮನೆಯ ಸೊನ್ನೆ ಒಂದಾಗಿದೆ.
ಕಳೆ.
ಕಳೆದಳು. ಹನ್ನೆರಡೇ ಉಳಿಯಿತು.

ಈ ಬಿಲ್ಲೆಯ ಲೆಕ್ಕ ನನಗೆ ಕಾಲೇಜು ಕಲಿಸಿದ್ದಲ್ಲ.
ರುವೈಸ್‌ನಲ್ಲಿ ಒಂಬತ್ತು ವರ್ಷ
ಪೈಪಿನ ಬೆಸುಗೆಗೆ ಕಿರಣ ಹಾಯಿಸಿದವನು ನಾನು.
ರಾತ್ರಿ ಹಗ್ಗ ಕಟ್ಟಿ, ಕೆಂಪು ದೀಪ ಇಟ್ಟು,
ಎಲ್ಲರನ್ನೂ ಆಚೆ ಅಟ್ಟಿ ಹಿಡಿಕೆ ತಿರುಗಿಸಿದರೆ
ಭಾರದ ಪೆಟ್ಟಿಗೆಯಿಂದ ಇರಿಡಿಯಂ ಹೊರಡುತ್ತಿತ್ತು.
ಕಾಣದು, ಕೇಳದು, ಬೆಚ್ಚಗೂ ಇರದು.
ನಮ್ಮ ಜೇಬಿಗೂ ಒಂದೊಂದು ಬಿಲ್ಲೆ,
ತಿಂಗಳಿಗೊಮ್ಮೆ ಓದಿಸಲು ದುಬೈಗೆ ಹೋಗುವುದು.
ಮಿತಿ ಮೀರಿದವನಿಗೆ ಊರಿನ ಟಿಕೆಟ್ಟು.

ಬರ್ಕತ್‌ನ ಬಿಲ್ಲೆ ಮಾತ್ರ ತಿಂಗಳು ತಿಂಗಳೂ ಸೊನ್ನೆ.
ಮುಲ್ತಾನಿನವನು,
ನಮ್ಮೆಲ್ಲರಿಗಿಂತ ಹತ್ತಿರ ನಿಲ್ಲುವವನು.
ಕ್ಯಾಂಪಿನ ಬಾಗಿಲ ಹಿಂದೆ, ಮೊಳೆಗೆ ನೇತ ಅಂಗಿಯಲ್ಲಿ
ಅವನ ಬಿಲ್ಲೆ ಹಾಯಾಗಿ ನಿದ್ದೆ ಮಾಡುತ್ತಿತ್ತು.
ಟ್ರ್ಯಾಕ್ಟರಿನ ಕಂತು ಇನ್ನು ಆರು, ಆಮೇಲೆ ಹಾಕ್ಕೋತೀನಿ, ಅಂದ.
ನಾನು ನಕ್ಕೆ.
ದಾಖಲೆ ಪುಸ್ತಕದಲ್ಲಿ ಅವನ ಸೊನ್ನೆಯ ಎದುರು
ಸಹಿ ಹಾಕುತ್ತಿದ್ದವನೂ ನಾನೇ.

ಮೂರು ನಲವತ್ತು.
ಬಂತು. ಗರಗರದ ನಡುವೆ ಮೊದಲ ಸಾಲು.
ಮೊನ್ನೆಗಿಂತ ನಿನ್ನೆ ಹೆಚ್ಚಿತ್ತು, ನಿನ್ನೆಗಿಂತ ಇವತ್ತು.
ಇನ್ನೆಷ್ಟು ದಿನ ತಡೆದೀತು, ಕೇಳುತ್ತಾಳೆ ಮೈಥಾ.
ಅದಕ್ಕೆ ಅಂಗಿ ಕಳಚಿಡಲು ಬಾಗಿಲಿಲ್ಲ, ಮೊಳೆಯಿಲ್ಲ,
ತೀರಿಸಬೇಕಾದ ಕಂತಿಲ್ಲ;
ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತದೆ.
ಹಾಗಾಗಿ ನಾನೂ ಹೇಳಬಲ್ಲೆ: ಹದಿನಾಲ್ಕು ತಿಂಗಳು.
ಅವಳು ಬರೆದುಕೊಳ್ಳುತ್ತಾಳೆ.

ಬರ್ಕತ್‌ನ ಸೊನ್ನೆಗೆ ಎಷ್ಟು ಕೂಡಿಸಬೇಕಿತ್ತೋ
ನನಗೆ ಗೊತ್ತಿಲ್ಲ.

ಉತ್ತರಕ್ಕೆ ಸದ್ದು ತೆಳುವಾಗುತ್ತದೆ.
ಪೆಟ್ಟಿಗೆಗೆ ವಾಪಸು ಕರೆಸಿಕೊಳ್ಳುವವನ ಹಾಗೆ
ನನ್ನ ಬಲಗೈ
ಖಾಲಿ ಗಾಳಿಯಲ್ಲಿ ಅರ್ಧ ಸುತ್ತು ಹಿಂದಕ್ಕೆ ತಿರುಗಿ
ನಿಲ್ಲುತ್ತದೆ.