ಇಪ್ಪತ್ತರಲ್ಲಿ ಒಂದು ಜಾಗ

ಬಿಶ್ಕೆಕ್ಕಿನಿಂದ ಬಂದ ಡಾಕ್ಟರು ಹಿಂಡಿನ ಬಲ ಎಂದಾಗ
ಉಣ್ಣೆ ಕತ್ತರಿಸುತ್ತಿದ್ದವರೆಲ್ಲ ನಕ್ಕರು.
ಹಿಂಡಿನ ಪಾಠ ನಮಗೆ?
ತೋಳ ಬಂದ ರಾತ್ರಿ ಹೆಣ್ಣುಕುದುರೆಗಳು
ಮರಿಗಳನ್ನು ನಡುವಿಗೆ ತಳ್ಳಿ
ಹಿಂಗಾಲು ಹೊರಗೆ ಮಾಡಿ ನಿಲ್ಲುವುದನ್ನು
ತೊಟ್ಟಿಲಿಂದಲೇ ನೋಡಿದವರು.
ಕಲ್ಮಾತ್ ಅಜ್ಜ ಎಲ್ಲರಿಗಿಂತ ಜೋರಾಗಿ ನಕ್ಕ.

ನಾನು ನಗಲಿಲ್ಲ. ಹೆಗಲಲ್ಲಿ ಐಸಿನ ಪೆಟ್ಟಿಗೆ,
ಕರಗುವುದರೊಳಗೆ ಇನ್ನೂ ನಾಲ್ಕು ಡೇರೆ.

ಜೂರಕಾನ್, ನಿನ್ನ ಬಾಗಿಲ ಕಂಬಳಿ ಎತ್ತಿ ಒಳಬಂದೆ.
ಚಹಾ ಕೊಟ್ಟೆ, ರೊಟ್ಟಿ ಮುರಿದು ಕೊಟ್ಟೆ,
ನಾಜಿಕಳ ತೋಳು ಮಾತ್ರ ಕೊಡಲಿಲ್ಲ.
"ಉಳಿದವರೆಲ್ಲ ಚುಚ್ಚಿಸಿಕೊಂಡಿದ್ದಾರಲ್ಲ ಎಜೆ,
ಒಬ್ಬಳು ತಪ್ಪಿದರೆ ಏನು?"

ಪ್ರಶ್ನೆ ಸರಿಯಾದದ್ದೇ.
ಯಾವ ಬೇನೆ ಎಂದು ಮೊದಲು ಕೇಳಬೇಕಷ್ಟೆ.

ಪೋಲಿಯೋ ಆದರೆ, ಹತ್ತರಲ್ಲಿ ಎಂಟು ಮಂದಿ ಗಟ್ಟಿ ನಿಂತರೆ
ದಾರಿ ಸಿಗದೆ ತಿರುಗಿ ಹೋದೀತು.
ಫ್ಲೂ ವರ್ಷಕ್ಕೊಮ್ಮೆ ಟೋಪಿ ಬದಲಿಸಿ ಬರುತ್ತದೆ,
ಹೋದ ವರ್ಷದ ಕಾವಲುನಾಯಿಗೆ ಗುರುತೇ ಸಿಗುವುದಿಲ್ಲ.
ನಾಯಿಕೆಮ್ಮಿಗೆ ಕಟ್ಟಿದ ಗೋಡೆ
ಹುಡುಗನಿಗೆ ಮೀಸೆ ಮೂಡುವ ಹೊತ್ತಿಗೆ ಸವೆದು
ಅಣ್ಣನ ಕೆಮ್ಮೇ ತಂಗಿಯ ತೊಟ್ಟಿಲಿಗೆ ದಾಟುತ್ತದೆ.

ದಡಾರ ತೋಳವಲ್ಲ ಜೂರಕಾನ್, ಅದಕ್ಕೆ ಹಲ್ಲೂ ಇಲ್ಲ ಹೆಜ್ಜೆಯೂ ಇಲ್ಲ.
ರೋಗಿ ಎದ್ದು ಹೋದ ಮೇಲೂ
ಎರಡು ಸಲ ಚಹಾ ಕಾಯಿಸುವಷ್ಟು ಹೊತ್ತು
ಇದೇ ಗಾಳಿಯಲ್ಲಿ ಕೂತಿರುತ್ತದೆ, ನಂಟನ ಹಾಗೆ.
ಒಬ್ಬನಿಂದ ಹದಿನೈದು ಜನಕ್ಕೆ.
ಅದರೆದುರು ಇಪ್ಪತ್ತರಲ್ಲಿ ಹತ್ತೊಂಬತ್ತು ಬೆನ್ನು ಬೇಕು.

ಸೆಪ್ಟೆಂಬರಿನಲ್ಲಿ ಕೆಳಗಿಳಿದರೆ ನಮ್ಮ ಶಾಲೆಯಲ್ಲಿ ಮಕ್ಕಳೆಷ್ಟು?
ನಾನು ಬೆರಳು ಮಡಚಿದೆ, ನೀನೂ ಮಡಚಿದೆ.
ಇಪ್ಪತ್ತು.
ಒಲೆಯ ಪಕ್ಕದ ಬೆಂಚಿನಲ್ಲಿ
ಉಣ್ಣೆಟೋಪಿ ತೆಗೆಯದೆ ಕೂರುತ್ತಾನಲ್ಲ, ಸೀಮಿಕ್,
ರಕ್ತದ ಕ್ಯಾನ್ಸರಿಗೆ ಎಂಟು ತಿಂಗಳು
ಕೈಗೆ ನಳಿಗೆ ಹಾಕಿಸಿಕೊಂಡು ಬಂದವನು,
ಈ ಸೂಜಿ ಅವನಿಗೆ ಕೊಡುವ ಹಾಗಿಲ್ಲ.
ಉಳಿದಿದ್ದ ಒಂದೇ ಜಾಗದಲ್ಲಿ
ಆಗಲೇ ಅವನು ಕೂತಿದ್ದಾನೆ.

ನೀನು ಒಲೆಗೆ ಬೆರಣಿ ಹಾಕಿದೆ. ಮಾತಾಡಲಿಲ್ಲ.
ನಾನೂ ಸುಮ್ಮನಿದ್ದೆ. ಐಸು ಸುಮ್ಮನಿರಲಿಲ್ಲ.

ಹೊರಗೆ ಕಲ್ಮಾತ್ ಅಜ್ಜ ಕುಂಟುತ್ತಿದ್ದ.
ಲದ್ದಿಯ ನಡುವೆ ಹಳೇ ಮೊಳೆ, ಬೂಟಿನ ಅಟ್ಟೆ ಸೀಳಿಕೊಂಡು ಒಳಗೆ.
"ಹಿಂಡು ಇದೆಯಲ್ಲ, ಕಾಯುತ್ತೆ ಬಿಡು."
ಇಲ್ಲ ಅಜ್ಜ. ಧನುರ್ವಾಯು ಜನರಿಂದ ಜನಕ್ಕೆ ಬರುವುದಿಲ್ಲ,
ಮಣ್ಣಿನಿಂದ ನೇರ ನಿನ್ನ ಪಾದಕ್ಕೆ.
ಈ ಬೆಟ್ಟದ ಕುದುರೆಗಳೆಲ್ಲ ಸುತ್ತ ನಿಂತರೂ
ಅಲ್ಲಿ ನೀನು ಒಬ್ಬನೇ.

ಅಜ್ಜ ಅಂಗಿಯ ತೋಳು ಮಡಚಿದ,
ಮಕ್ಕಳಂತೆ ಮುಖ ಆಚೆ ತಿರುಗಿಸಿದ.
ಹತ್ತಿ ಒತ್ತಿ ಹಿಡಿದಿದ್ದೆ,
ಬೆನ್ನ ಹಿಂದೆ ಕಂಬಳಿ ಸರಿದ ಸದ್ದು.

ನಾಜಿಕಳ ಕೈ ಹಿಡಿದು ನೀನು,
ಕಣ್ಣು ನನ್ನ ಮೇಲಲ್ಲ, ಪೆಟ್ಟಿಗೆಯ ಮೇಲೆ:
"ಐಸು ಇನ್ನೂ ಇದೆಯಾ?"