ಗವಂತಿ

ಫ್ರಿಡ್ಜಿನ ಬಾಗಲಕ್ಕ ಎರಡು ಚೀಟಿ ಅಂಟಿಸೇನಿ.
ಒಂದರಾಗ ಹದಿನಾರು ವಾರದ ಓಟದ ಲೆಕ್ಕ,
ಇನ್ನೊಂದರಾಗ ನೀರು ಬರೋ ದಿನ.
ಮೊದಲನೇದು ನಾ ಬರದದ್ದು.
ಎರಡನೇದು ವಾಲ್ವ್‌ಮನ್ ಮಡಿವಾಳಪ್ಪನ ಕೈಯಾಗ ಐತಿ,
ಅಂವಾ ಅಂದ್ರ ಸೋಮವಾರ, ಅನ್ನದಿದ್ರ ದೇವರ ಗತಿ.

ನಸುಕಿನ ನಾಕೂಕಾಲಿಗೆ ಸಪ್ತಾಪುರದ ಓಣ್ಯಾಗ
ನಾಯಿಗೋಳಿಗೂ ನನಗೂ ಈಗ ಗುರುತಾಗೇತಿ.
ಹಾಲಿನ ಕ್ರೇಟ್ ಇಳಸೋ ಹುಡುಗ ಮಾತ್ರ ಇನ್ನೂ ಕೇಳತಾನ:
"ಯಾರು ಬೆನ್ನ ಹತ್ತ್ಯಾರ್ರೀ ಅಕ್ಕಾರ?"
ಯಾರೂ ಇಲ್ಲೋ ತಮ್ಮಾ.
ನಲವತ್ತಾರು ವರ್ಷ, ಅಷ್ಟ.

ಕೆಲಗೇರಿ ಕೆರಿ ದಂಡಿಗುಂಟ ಮಂಜು.
ಗೋವಾ ರೋಡಿನಾಗ ಹಿಂದಿಂದ ಟ್ರಕ್ ಬಂದ್ರ
ನನ್ನ ನೆರಳು ಮುಂದ ಮುಂದ ಓಡಿ
ಸಣ್ಣದಾಗಿ ಕಾಲಾಗ ಬಂದು ಬೀಳತೈತಿ.
ಸೊಂಟದ ಚೀಲದಾಗ ಎರಡು ಶೇಂಗಾದುಂಡಿ,
ಚಿಟಿಕಿ ಉಪ್ಪು, ಮನಿ ಕೀಲಿ.
ಉಂಡಿ ಕಟ್ಟಿಕೊಡಾಕಿ ನಮ್ಮತ್ತಿ ನೀಲವ್ವ, ಬೈಕೋತ:
"ರೊಕ್ಕಾ ಕೊಟ್ಟು ದಣಿಯೋದು ನಾ ಎಲ್ಲೂ ನೋಡಿಲ್ಲವ್ವಾ."

ಹಗಲೆಲ್ಲಾ ವಿಮಾ ಆಫೀಸು, ಕ್ಲೇಮಿನ ಫೈಲು.
ಮೇಜಿನ ಕೆಳಗ ಚಪ್ಪಲಿ ಬಿಚ್ಚಿ
ಕರ್ರಗಾದ ಹೆಬ್ಬೆರಳ ಉಗುರಿಗೆ ಫ್ಯಾನಿನ ಗಾಳಿ ಹಿಡೀತೀನಿ.

ರಾತ್ರಿ ಭಾಂಡೆ ಡಬ್ಬ ಹಾಕಿದ ಮ್ಯಾಲೆ ಕಸೂತಿ.
ಕರಿ ಚಂದ್ರಕಾಳಿ ಸೀರಿ, ತಂಗಿ ಮಗಳು ಸುನೀತಿಯ ಕುಬಸಕ್ಕ.
ಕುಬಸ ಡಿಸೆಂಬರಿನಾಗ, ನನ್ನ ನಲವತ್ತೆರಡು ಕಿಲೋಮೀಟರೂ
ಅದ ವಾರ. ಯಾರಿಗೆ ಹೇಳಲಿ.
ಸೆರಗಿನಾಗ ನಾಕು ಗೋಪುರ ಮುಗದಾವ,
ಐದನೇದಕ್ಕ ಬುನಾದಿ ಹಾಕೇನಿ.
ಗೀಟು ಎಳಿಯೋ ಹಂಗಿಲ್ಲ, ಗಂಟು ಹಾಕೋ ಹಂಗಿಲ್ಲ,
ಎಳಿ ಎಣಿಸಬೇಕು, ನಾಕು ಬಿಟ್ಟು ನಾಕು.
ಉದ್ದನ ಓಟ ಓಡಿದ ರಾತ್ರಿ ಬೆರಳು ಬಾತು
ಸೂಜಿ ಕೈಯಾಗ ನಿಲ್ಲೂದಿಲ್ಲ.
ಒಮ್ಮೆ ತೂಕಡಿಸಿ
ಸೀರಿ ಜೋಡಿ ನನ್ನ ನೈಟಿಯನ್ನೂ ಹೊಲದಿದ್ದೆ.
ಪ್ರಣೀತಾ ಫೋಟೋ ಹೊಡದು ಊರಿಗೆಲ್ಲಾ ಕಳಿಸಿದಳು.
ಬಿಚ್ಚಲಿಕ್ಕೆ ಅರ್ಧ ತಾಸು.

ಆ ಐತವಾರ ಮೂವತ್ತೆರಡು ಓಡಬೇಕಿತ್ತು.
ಹನ್ನೊಂದನೇ ಕಿಲೋಮೀಟರಿಗೆ,
ಬಾಗಲಾ ಹಾಕಿದ ಪಂಕ್ಚರ್ ಅಂಗಡಿ ಮುಂದ, ಫೋನು.
ಫಕ್ಕೀರೇಶ: "ನೀರು ಬಿಟ್ಟಾನ. ಮೋಟರ್ ಎಳೀವಲ್ತು.
ಎಂಟು ದಿನಕ್ಕೊಮ್ಮೆ ಬರೋ ನೀರು. ನೀ ಎಲ್ಲಿದ್ದಿ?"

ಎಲ್ಲಿದ್ದೀನಿ ಅಂತ ಹೇಳಲಿ.
ಎಡಕ್ಕ ಭತ್ತದ ಗದ್ದಿ, ಬಲಕ್ಕ ಮಾವಿನ ತೋಪು,
ಬೆವರು ಕಿವ್ಯಾಗ ಇಳದು ಉಸರು ಹದಕ್ಕ ಬಂದು
ಒಬ್ಬಾಕಿನ ನಿಂತೇನಿ, ಆರಾಮ ಅದೇನಿ ಅನ್ನೋದು
ಫೋನಿನಾಗ ಹೇಳೋ ಮಾತಲ್ಲ.
"ಪೈಪಿನ ಬಾಯಾಗ ನೀರು ಸುರುವಿ ಗಾಳಿ ತಗಿ," ಅಂದೆ.
"ಅದೆಲ್ಲಾ ನನಗ ಬರೂದಿಲ್ಲ."

ತಿರುಗಿದೆ.
ಸಿಟ್ಟಿನ ಹನ್ನೊಂದು ಕಿಲೋಮೀಟರು,
ಹೋಗಿದ್ದಕ್ಕಿಂತ ಆರು ನಿಮಿಷ ಜೋರು.

ಮನಿ ಮುಂದ ಅಂಗಳ ತುಂಬ ನೀರು.
ಫಕ್ಕೀರೇಶ ಲುಂಗಿ ಎತ್ತಿ ಕಟ್ಟಿ,
ಹುಟ್ಟಿದಾಗಿಂದ ಮುಟ್ಟದ ಪಾನಾ ಹಿಡದು
ಮೋಟರಿನ ಮುಂದ ಕುಂತಾನ, ತಲಿಯಿಂದ ಕಾಲತನಕ ತೊಯ್ದು.
ಅತ್ತಿ ಕೊಡ ಸಾಲಿಗೆ ಹಚ್ಚ್ಯಾಳ. ಪ್ರಣೀತಾ ಪೈಪ್ ಹಿಡದಾಳ.
ಮ್ಯಾಲಿನ ಟಾಕಿ ತುಂಬಿ ಸೋರಾಕತ್ತೇತಿ.
ಯಾರೂ ನನ್ನ ಕಡೆ ನೋಡಲಿಲ್ಲ.

"ಎಷ್ಟಾತು?" ಅಂದಳು ಮಗಳು, ಕಡೀಕ.
"ಇಪ್ಪತ್ತೆರಡು."
"ಹತ್ತು ಉಳದಾವಲ್ಲಾ."
ಫಕ್ಕೀರೇಶ ತಲಿ ಎತ್ತಲಾರದ ಅಂದ:
"ಸಂಜೀಕ ಓಡು. ರೊಟ್ಟಿ ನಾ ಖಾನಾವಳ್ಯಾಗಿಂದ ತರತೀನಿ."
ಪ್ರೀತಿ ಅಂತ ತಿಳಕೋಬ್ಯಾಡ್ರಿ,
ಮೋಟರ್ ಗೆದ್ದ ಉಮೇದಿ ಅದು.

ಗವಂತಿಯೊಳಗ
ಹೋಗೋಮುಂದ ಸಂದು ಬಿಟ್ಟು ಹೋಗೋದು,
ಬರೋಮುಂದ ಅದ ದಾರಿಗುಂಟ ತುಂಬಿಕೋತ ಬರೋದು.
ತಿರುವಿ ಹಾಕಿದ್ರ ಹಿಂದಿನ ಮಗ್ಗಲೂ
ಮುಂದಿನಂಗ ಕಾಣಬೇಕು ಅಂತಿದ್ಲು ನಮ್ಮವ್ವ.
ನಂದು ಹಂಗಿಲ್ಲ.
ಹಿಂದ ದಾರ ಜೋತಾಡತಾವ, ಒಂದೆರಡು ಗಂಟೂ ಅದಾವ,
ಕುಬಸದ ದಿನ ಬೀಗರಾಗ ಯಾವಾಕಿಯರೆ ಸೆರಗು ತಿರುವೇ ತಿರುವತಾಳ.

ಸಂಜೀಕ ಕಾಲೇಜಿನ ಬಯಲಾಗ ಏಳು ಓಡಿದೆ.
ಮೂರು ಉಳದಾವ.
ಐದನೇ ಗೋಪುರದ ಕಳಸ ಉಳದೈತಿ.
ಮುಂದಿನ ನೀರು ಯಾವಾಗಂತ
ಮಡಿವಾಳಪ್ಪಗ ಕೇಳಬೇಕು.