ಕಾಲಡಿ ಹುರಿ

ನವನಗರದ ಅಂಗಡ್ಯಾಗ ಜಿಲಾನಿ
ಗಾಜಿನ ಮ್ಯಾಲ ಒಂದೊಂದ ಇಟಗೋತ ಹೊಂಟಾನ:
ಏಡಿಯಂಗ ಕಾಲು ಬಾಗೂ ಸಣ್ಣ ಟ್ರೈಪಾಡು,
ಒಂಟಿಗಾಲಿನ ಮೊನೊಪಾಡು,
ಬ್ಯಾಟರಿ ನುಂಗಿ ಕುತಗಿ ತಿರವೂ ಗಿಂಬಲ್ಲು.
"ಇದು ನಡುಕ ಎಲ್ಲಾ ಕುಡೀತೈತ್ರಿ ಅಣ್ಣಾ,
ನೀವು ಓಡ್ರಿ, ಜಿಗೀರಿ,
ಚಿತ್ರಾ ಮಾತ್ರ ಬೆಣ್ಯಾಗಿನ ಕೂದಲಿನಂಗ."

ನಾ ಒಂದೊಂದನ್ನೂ ಅಂಗೈಯಾಗ ತೂಗಿ ನೋಡತೀನಿ
ಸಂತ್ಯಾಗ ಬದನಿಕಾಯಿ ತೂಗಿದಂಗ.
ನನ್ನ ಲೆಕ್ಕ ಬ್ಯಾರೆ.
ಎಕ್ಸೆಲ್ ಗಾಡಿ ಮುಂದಿನ ಚೀಲದಾಗ ಕುಂದರಬೇಕು,
ಕೆರೂರ ರಸ್ತೆದ ತೆಗ್ಗಿಗೆ ಕೀಲು ಸಡ್ಲ ಆಗಬಾರದು,
ತಿಂಗಳಿಗೆ ಎರಡು ಕುಬಸ, ಒಂದು ಅಂಗಡಿ ಜಾಹೀರಾತು,
ಅದರ ರೊಕ್ಕದಾಗ ಇದರ ಕಂತು ತುಂಬಬೇಕು.
ಇನ್ನೊಂದು ಯಾರಿಗೂ ಹೇಳಿಲ್ಲ:
ಹ್ವಾದ ವರ್ಷ ಮದವಿ ಸ್ಟೇಜಿನ ಮ್ಯಾಲ
ಫ್ರೇಮಿಗೆ ಬೀಗರನ್ನ ಹಿಡಿಸಾಕ ಹಿಂದಹಿಂದಕ ಸರದು
ಬಿದ್ದಾಗಿಂದ ಬಲಗೈ ಮಣಿಕಟ್ಟು
ಅರ್ಧ ತಾಸಿಗೆ ತಾನ ಮಾತಾಡಾಕ ಸುರು ಮಾಡತೈತಿ.

ಗಿಂಬಲ್ ತಗದು ಇಡು ಅಂದೆ. ಶನಿವಾರ ಹೇಳತೀನಿ.

ಅದಕ್ಕೂ ಮೊದಲ ಗುಳೇದಗುಡ್ಡ.
ದ್ರಾಕ್ಷಾಯಣವ್ವನ ಖಣದ್ದು ಒಂದೂವರಿ ನಿಮಿಷದ ವಿಡಿಯೋ,
ಅಳಿಯ ಹೇಳಿ ಕಳಿಸಿದ್ದು, ಮೊಬೈಲಿನ್ಯಾಗ ಮಾರಾಕ.
ನನ್ನ ಹಳೇ ಟ್ರೈಪಾಡು ಬಿಚ್ಚಿದೆ.
ಮೂರು ಕಾಲಿಗೆ ಮೂರು ಜಾಗ ಬೇಕಲ್ಲ,
ಒಂದು ಮಗ್ಗದ ಕುಣಿಯಾಗ ಜಾರಿತು,
ಒಂದು ಕಂಡಕಿ ಬುಟ್ಟಿಗೆ ತಗಲಿತು,
ಮೂರನೇದು ಮಲಗಿದ ಮೊಮ್ಮಗನ ಕಿವಿ ಹತ್ರ.
ಹೆಂಗೋ ನಿಂದರಿಸಿದೆ. ಆಕಿ ಹಲಗಿ ಜಗ್ಗಿ ಬಡದ್ಲು.
ಧಪ್ಪ್.
ನೆಲದಾಗಿಂದ ಎದ್ದು ಮೂರೂ ಕಾಲು ಏರಿ
ನಡುಕ ನೆಟ್ಟಗ ಲೆನ್ಸಿಗೇ ಬಂತು.
ಸೂಜಿಮಲ್ಲಿಗಿ ಸಾಲೆಲ್ಲಾ ಎರಡೆರಡು.

ಜೋಳದ ಚೀಲ ಕೇಳಿದೆ, ಅರ್ಧ ತುಂಬಿದ್ದು.
ಕ್ಯಾಮೆರಾ ಅದರಾಗ ಕೋಳಿ ಕಾವಿಗೆ ಕುಂತಂಗ ಕುಂತಿತು,
ಅಲ್ಲಾಡಲಿಲ್ಲ.
ಆದರ ಅಷ್ಟು ಕೆಳಗಿಂದ ಅಂಚಷ್ಟ ಕಾಣತಿತ್ತು,
ಖಣದ ಮೈ ಕಾಣತಿರಲಿಲ್ಲ.

ಆಕಿ ಕೈ ನಿಂದರಿಸಿ ನೋಡಿದ್ಲು,
ನನ್ನಲ್ಲ, ನನ್ನ ಮಣಿಕಟ್ಟು.
ಏನೂ ಕೇಳಲಿಲ್ಲ.
ತೊಡಿ ಮ್ಯಾಲ ಎಂಟೆಳಿ ಹಾಕಿ ಉಗುಳು ಹಚ್ಚಿ ಹೊಸದ್ಲು,
ಕ್ಯಾಮೆರಾದ ಬುಡದ ಪ್ಲೇಟಿಗೆ ಗಂಟು ಹಾಕಿದ್ಲು,
ಹರದ ಎಳಿ ಕೂಡಸೂ ಗಂಟು, ಕಣ್ಣಿಗೆ ಕಾಣದ್ದು.
ಇನ್ನೊಂದು ತುದಿ ನನ್ನ ಕಾಲಿನ ಹೆಬ್ಬಟ್ಟ ಕೆಳಗ.
"ತುಳದು ಹಿಡಿ. ಈಗ ಮ್ಯಾಲ ಜಗ್ಗು.
ಇನ್ನಷ್ಟು. ಹರಿಯೂದಿಲ್ಲ, ಅಂಜಬ್ಯಾಡ.
ಜೋಲ ಬಿಟ್ಟ ಎಳಿನ ನಡಗೂದು, ತಮ್ಮಾ."

ಹುರಿ ಬಿಗೀತು.
ಹೆಬ್ಬಟ್ಟಿನಿಂದ ಎದಿ ತನಕ ನಾನೂ ಒಂದು ಹಾಸು.
ಮಣಿಕಟ್ಟು ಮಾತು ನಿಂದರಿಸಿತು.
ಪೂರ್ತಿ ಅಲ್ಲ; ಎಡಕ್ಕ ಬಲಕ್ಕ ಸಣ್ಣಗ ತೂಗತಿತ್ತು ಖರೆ,
ನಿದ್ದಿಗಣ್ಣಾಗ ಯಾರೋ ತೊಟ್ಟಿಲಾ ತೂಗಿದಂಗ.
ಧಪ್ಪ್ ಅಂದಾಗೆಲ್ಲಾ ಮೊಣಕಾಲು ನುಂಗಿಕೊಂತು.
ಲಾಳಿ ಹೋತು, ಬಂತು.
ಆಕಿ ಕೈ ಇದ್ದಂಗ ಬಂತು ಚಿತ್ರದಾಗ,
ಉಗುರಿನ ಅರಿಷಿಣ ಸೈತ.

ಶನಿವಾರ ಜಿಲಾನಿ ಫೋನು. "ಅಣ್ಣಾ, ಗಿಂಬಲ್ಲು?"
ಮೆರವಣಿಗ್ಯಾಗ ಹುರಿ ತುಳಕೋತ ನಡಿಯಾಕ ಬರತೈತೇನು?
ಬೇಕಪಾ, ಬೇಕು. ಆದರ ಮುಂದಿನ ತಿಂಗಳ.
ಈ ಸಲ ಆ ಏಡಿಕಾಲಿಂದು ಸಾಕು,
ಕಿಡಕಿ ಸರಳಿಗೆ, ಗಾಡಿ ಹ್ಯಾಂಡಲಿಗೆ,
ಯಾರ ಮನಿ ಕಂಬ ಸಿಕ್ಕರ ಅದಕ್ಕ ತೆಕ್ಕಿ ಬೀಳಾಕ.

ಹುರಿ ಅಂಗಿ ಕಿಸೆದಾಗಿತ್ತು.
ಒಗಿಯಾಕ ಹಾಕೂ ಮುಂದ ಮನಿಯಾಕಿ ತಗದು
ಮೆಂತೆ ಸಿವಡು ಕಟ್ಟ್ಯಾಳ.
"ಭಾಳ ಗಟ್ಟಿ ಐತ್ರಿ ಇದು, ಎಲ್ಲಿ ಸಿಕ್ಕಿತು?"
ಬಿಚ್ಚಾಕ ನೋಡಿದೆ. ಈಕಿ ಗಂಟೂ ಬಿಚ್ಚಲಿಲ್ಲ.
ಸಂಜಿಗೆ ಮೆಂತೆ ಪಲ್ಲೆ ಆತು,
ಹುರಿ ಕತ್ತರಿಸಿ ಎರಡು ತುಂಡು.
ನಾಳೆ ಮತ್ತ ಗುಳೇದಗುಡ್ಡಕ್ಕ ಹೊಂಟೀನಿ.
ಚೀಲದಾಗ ಜಾಗ ಐತಿ.